ಕಾಲನಿಯ ಯೆಹೂದ್ಯರು

ಹೈಫಾ, ಇಸ್ರೇಲ್
29 ಜನವರಿ 2023

ಪ್ರೀತಿಯ ಪಪ್ಪಾ,

ಫೋನಿನಲ್ಲಿ ನಾನು ಕೂಗುವುದು, ನೀವು ‘ಆಂ? ಆಂ?’ ಎನ್ನುವುದು, ಅಷ್ಟರಲ್ಲಿ ಒಳಗಿನಿಂದ ರಿವ್ಕಾ ಅಜ್ಜಿ ಗಂಟೆ ಬಾರಿಸುವುದು. ಇದು ಸಾಕಾಯಿತು. ಇನ್ನು ಕಾಗದವೇ ಬರೆಯುತ್ತೇನೆ. ಬರೆದು, ಫೋಟೋ ತೆಗೆದು, ನಿಮ್ಮ ಬೀದಿಯ ತೀರ್ಥೇಶನ ಜೆರಾಕ್ಸ್ ಅಂಗಡಿಗೆ ಕಳಿಸುತ್ತೇನೆ. ಅವನು ದೊಡ್ಡ ಅಕ್ಷರದಲ್ಲಿ ತೆಗೆದುಕೊಡುತ್ತಾನೆ. ನೀವೂ ಹಾಗೇ ಮಾಡಿ. ಓದಿಬಿಟ್ಟಾನು ಎಂಬ ಹೆದರಿಕೆ ಬೇಡ, ಅವನು ಕ್ರಿಕೆಟ್ ಸ್ಕೋರು ಬಿಟ್ಟು ಬೇರೇನೂ ಓದಿದವನಲ್ಲ.

ಅಜ್ಜಿಗೆ ಎಂಬತ್ತೊಂಬತ್ತು ತುಂಬಿತು. ಹನ್ನೊಂದು ವರ್ಷದಿಂದ ಅವರನ್ನು ನೋಡಿಕೊಳ್ಳುತ್ತಿದ್ದೇನೆ. ಸ್ನಾನ, ಊಟ, ಔಷಧಿ, ದಿನಕ್ಕೆರಡು ಸಲ ಕಣ್ಣಿಗೆ ಡ್ರಾಪ್ಸ್. ಇಷ್ಟು ವರ್ಷದಲ್ಲಿ ಅವರು ತಮ್ಮ ಬಾಲ್ಯದ ಮಾತೆತ್ತಿದ್ದೇ ಇಲ್ಲ. ಮೊನ್ನೆ ಶುಕ್ರವಾರ ಟೀವಿಯಲ್ಲಿ ಹಿಟ್ಲರನ ಕಾಲದ ಕ್ಯಾಂಪುಗಳನ್ನು ತೋರಿಸುತ್ತಿದ್ದರು. ಅಜ್ಜಿ ಟೀವಿ ಬಂದ್ ಮಾಡು ಅಂದರು. ಆಮೇಲೆ ಅವರಾಗಿಯೇ ಹೇಳಿದರು: “ಎಲ್ಲರೂ ಹಿಟ್ಲರ್ ಹಿಟ್ಲರ್ ಅಂತಾರೆ. ನಾನು ಮೊದಲು ಹೆದರಿದ್ದು ಅವನಿಗಲ್ಲ. ಚರ್ಚಿನ ಮರದ ಗಿಲಕಿಗೆ.”

ಪೋಲೆಂಡಿನಲ್ಲಿ ಅವರದು ಸಣ್ಣ ಊರು. ಶುಭ ಶುಕ್ರವಾರ ಗಂಟೆ ಹೊಡೆಯುವ ಹಾಗಿಲ್ಲವಲ್ಲ, ಅಲ್ಲೂ ಮರದ ಗಿಲಕಿಯನ್ನೇ ತಿರುಗಿಸುತ್ತಿದ್ದರಂತೆ, ಕಟರ್ ಕಟರ್ ಎಂದು. ಆ ಶಬ್ದ ಕೇಳಿದ ಕೂಡಲೇ ಅವರಮ್ಮ ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿ ಏಣಿ ಎಳೆದುಕೊಳ್ಳುತ್ತಿದ್ದರಂತೆ. ಯೇಸು ಶಿಲುಬೆಯಲ್ಲಿ ಪಟ್ಟ ಪಾಡಿನ ಕಥೆ ಕೇಳಿ ಚರ್ಚಿನಿಂದ ಹೊರಬಂದವರು ನೇರ ಯೆಹೂದ್ಯರ ಬೀದಿಗೆ ಬಂದು ಕಲ್ಲು ಬೀರುತ್ತಿದ್ದರಂತೆ. ಕಲ್ಲು ಎಸೆದವರಲ್ಲಿ ದಿನಾ ಇವರ ಮನೆಗೆ ಹಾಲು ಕೊಡುವ ಹೆಂಗಸೂ ಇದ್ದಳಂತೆ.

ಇಷ್ಟು ಹೇಳಿ ನನ್ನ ಮುಖ ನೋಡಿದರು. “ನಿಮ್ಮೂರಲ್ಲೂ ಹೀಗೆ ಇತ್ತಾ?”

ಇಲ್ಲ ಅಂದೆ. ನಮ್ಮ ಕಡೆ ಯೆಹೂದ್ಯರೇ ಇಲ್ಲವಲ್ಲ ಅಂದೆ.

ಪಪ್ಪಾ, ಕೋರೆಕೊಪ್ಪದ ಚರ್ಚಿನಲ್ಲಿ ಆ ಗಿಲಕಿ ತಿರುಗಿಸುತ್ತಿದ್ದವಳು ನಾನೇ. ನಮ್ಮಲ್ಲಿ ಯೆಹೂದ್ಯರೂ ಇದ್ದರು, ಹನ್ನೆರಡು ಜನ, ವೇಷ ಹಾಕಿದ ಕಾಲನಿಯವರು. ನನಗೆ ಒಂಬತ್ತು ವರ್ಷವಾಗಿದ್ದಾಗ ನೀವು ಬರೆದು ಆಡಿಸುತ್ತಿದ್ದ ಪಾಡಿನ ಆಟದ ದಿನ ಅವರಲ್ಲೊಬ್ಬನಾದ ಬೆಳ್ಳಪ್ಪನ ಕಣ್ಣು ಹೋಯಿತು. ಕಟ್ಟೆಯಿಂದ ಬಿದ್ದ ಎಂದಿರಿ. ಆದರೆ ಆ ಸಂಜೆ ನೀವು ನನ್ನ ಕೈ ತೊಳೆಸಿದ್ದು ನನಗೆ ನೆನಪಿದೆ. ನೀರು ಕೆಂಪಾಗಿತ್ತು. ನನ್ನ ಕೈಯಲ್ಲಿ ಇದ್ದದ್ದು ಏನು?

ನಿಮ್ಮ ಮಗಳು,
ಸೆವ್ರಿನ್


ಸಾಗರ
10 ಫೆಬ್ರವರಿ 2023

ಪ್ರೀತಿಯ ಸೆವ್ರಿನ್,

ಕಾಗದ ತಲುಪಿತು. ತೀರ್ಥೇಶ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದ್ದಾನೆಂದರೆ ಒಂದು ಪುಟಕ್ಕೆ ನಾಲ್ಕೇ ಸಾಲು. ಎದುರು ಮನೆಯವರೂ ಕಿಟಕಿಯಲ್ಲಿ ನಿಂತು ಓದಬಹುದು.

ಮುದುಕಿಯ ಕಥೆ ಕೇಳಿ ಸಂಕಟವಾಯಿತು. ಆದರೆ ಪೋಲೆಂಡಿಗೂ ಕೋರೆಕೊಪ್ಪಕ್ಕೂ ಹೋಲಿಕೆ ಮಾಡಬೇಡ. ನಮಗೆ ಯೆಹೂದ್ಯರ ಮೇಲೆ ಹಗೆ ಎಲ್ಲಿಂದ ಬರಬೇಕು? ನಾವು ಅವರನ್ನು ಕಣ್ಣಲ್ಲಿ ಕಂಡವರಲ್ಲ. ಕಥೆಯಲ್ಲಿ ಯೇಸುವನ್ನು ಹಿಡಿದುಕೊಡುವವರು ಯಾರಾದರೂ ಬೇಕಲ್ಲ, ಅದಕ್ಕೆ ಆ ಪಾತ್ರ. ಅದು ಭಕ್ತಿಯ ಆಟ. ಬೆಳ್ಳಪ್ಪ ಕಟ್ಟೆಯಿಂದ ಬಿದ್ದ. ಆಸ್ಪತ್ರೆಯ ಕಾಗದದಲ್ಲೂ ಹಾಗೇ ಇದೆ. ನಿನ್ನ ಕೈಯಲ್ಲಿ ಇದ್ದದ್ದು ಮಣ್ಣಿನ ಹೆಂಟೆ. ಎಲ್ಲ ಮಕ್ಕಳ ಕೈಯಲ್ಲೂ ಅದೇ ಇತ್ತು.

ಇನ್ನೊಂದು ವಿಷಯ. ಕೋರೆಕೊಪ್ಪದ ಚರ್ಚಿಗೆ ಈ ವರ್ಷ ಐವತ್ತು ತುಂಬುತ್ತದೆ. ಸಮಿತಿಯವರು ಇಬ್ಬರು ಹಣ್ಣು ಹಿಡಿದುಕೊಂಡು ಬಂದಿದ್ದರು. ಮೂವತ್ತೆರಡು ವರ್ಷದ ಹಿಂದೆ ನಿಂತ ಪಾಡಿನ ಆಟವನ್ನು ಈ ಶುಭ ಶುಕ್ರವಾರ ಮತ್ತೆ ಆಡಿಸುತ್ತಾರಂತೆ. ನನ್ನ ಕೈಬರಹದ ಪುಸ್ತಕ ಕೊಡಿ ಎಂದರು. “ನಿಮ್ಮ ಡೈಲಾಗ್ ಈಗಿನವ್ರಿಗೆ ಬರೆಯಕ್ಕಾಗಲ್ಲ ಮೇಷ್ಟ್ರೇ” ಎಂದು ಹೊಗಳಿದರು. ಹುಡುಕಿ ಕೊಡುತ್ತೇನೆ ಎಂದಿದ್ದೇನೆ.

ಪುಸ್ತಕ ಹುಡುಕಬೇಕಾಗಿಲ್ಲ. ಎಲ್ಲಿದೆಯೆಂದು ಗೊತ್ತು.

ನಿನ್ನ ಪಪ್ಪಾ,
ಲಾಜರಸ್ ಮಿನೇಜಸ್


ಸಾಗರ
22 ಫೆಬ್ರವರಿ 2023, ಬೂದಿ ಬುಧವಾರ

ಚೌರಪ್ಪನಿಗೆ,

ಕೋರೆಕೊಪ್ಪದ ಶಾಲೆಯ ಲಾಜರಸ್ ಮೇಷ್ಟ್ರ ಆಶೀರ್ವಾದಗಳು. ನಿನ್ನ ವಿಳಾಸವನ್ನು ತೀರ್ಥಹಳ್ಳಿಯ ಕಟ್ಟಡ ಕಾರ್ಮಿಕರ ಸಂಘದ ಕಚೇರಿಯಿಂದ ಕೇಳಿ ಪಡೆದೆ. ಫೋನ್ ನಂಬರೂ ಕೊಟ್ಟರು. ಫೋನ್ ಮಾಡಿದರೆ ನೀನು ಕತ್ತರಿಸಬಹುದು, ಕತ್ತರಿಸದಿದ್ದರೂ ನನ್ನ ಕಿವಿಗೆ ಬೀಳುವುದಿಲ್ಲ. ಕಾಗದವನ್ನು ಹರಿಯುವವನೂ ಹರಿಯುವ ಮೊದಲು ಒಂದು ಸಾಲನ್ನಾದರೂ ನೋಡುತ್ತಾನೆ. ಆ ಸಾಲು ಇದು: ನಿನ್ನ ಅಪ್ಪ ಕಟ್ಟೆಯಿಂದ ಬೀಳಲಿಲ್ಲ. ನಾನು ಸುಳ್ಳು ಬರೆದುಕೊಟ್ಟೆ.

ಇವತ್ತು ಬೆಳಿಗ್ಗೆ ಚರ್ಚಿನಲ್ಲಿ ಗುರುಗಳು ಪಶ್ಚಾತ್ತಾಪದ ಗುರುತಾಗಿ ನನ್ನ ಹಣೆಗೆ ಬೂದಿ ಹಚ್ಚಿದರು. ಮನೆಗೆ ಬಂದು ಕನ್ನಡಿ ನೋಡಿದೆ. ಚಿಟಿಕೆ ಬೂದಿ. ನಿಮ್ಮ ಹನ್ನೆರಡು ಜನರ ಮುಖಕ್ಕೆ ನಾನು ಬಳಿಸುತ್ತಿದ್ದದ್ದು ಬಾಣಲೆ ಮಸಿ, ಕಿವಿಯ ಹಿಂದಿನವರೆಗೆ.

ನಡೆದದ್ದನ್ನು ಬರೆಯುತ್ತೇನೆ. 1991ರ ಶುಭ ಶುಕ್ರವಾರ. ನಿನ್ನ ಅಪ್ಪನದು ಯೆಹೂದ್ಯರ ಪ್ರಧಾನ ಯಾಜಕ ಕಾಯಫನ ಪಾತ್ರ. ಆಟದ ಕೊನೆಗೆ ಯೆಹೂದ್ಯರನ್ನು ಗೇಟಿನವರೆಗೆ ಅಟ್ಟುವ ಪದ್ಧತಿ. ಅದನ್ನು ಶುರು ಮಾಡಿದವನು ನಾನೇ. ಮಕ್ಕಳು ಹೆಂಟೆ ಎಸೆಯುತ್ತಿದ್ದರು. ಗದ್ದೆಯ ಹೆಂಟೆ, ಮೈಗೆ ತಾಗಿದರೆ ಪುಡಿ. ಆ ವರ್ಷ ಬೆಳಿಗ್ಗೆ ಮಳೆ ಹನಿದು ಗದ್ದೆಯೆಲ್ಲ ಅಂಟು ಕೆಸರು. ಆಟಕ್ಕೆ ಹೊತ್ತಾಗುತ್ತಿತ್ತು. ನಾನು ಕಲ್ಲುಕೋರೆಯ ಅಂಚಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ಬಾಚಿಕೊಂಡು ಬಂದೆ. ಅದರಲ್ಲಿ ಕೆಂಪು ಕಲ್ಲಿನ ಚಕ್ಕೆಗಳಿದ್ದವು. ನೋಡಲಿಲ್ಲ ಎಂದರೆ ಅದೂ ಸುಳ್ಳು. ಕೈಗೆ ಚುಚ್ಚಿತು. ಸಾಕು ಬಿಡು ಎಂದುಕೊಂಡೆ. ಮುಂದಿನ ಸಾಲಿನ ಮಕ್ಕಳಿಗೆ ನಿಜವಾಗಿ ಉಗಿಯಿರಿ, ಗುರಿಯಿಟ್ಟು ಎಸೆಯಿರಿ ಎಂದು ಹೇಳಿಕೊಟ್ಟವನೂ ನಾನೇ. ಯಾವುದೋ ಮಗುವಿನ ಕೈಯಿಂದ ಒಂದು ಚಕ್ಕೆ ಹೋಗಿ ನಿನ್ನ ಅಪ್ಪನ ಎಡಗಣ್ಣಿಗೆ ಬಿತ್ತು.

ಆಸ್ಪತ್ರೆಯಲ್ಲಿ ‘ಕಟ್ಟೆಯಿಂದ ಬಿದ್ದು’ ಎಂದು ಬರೆದು ರುಜು ಹಾಕಿದೆ. ನಿನ್ನ ಅಪ್ಪನ ಹೆಬ್ಬೆಟ್ಟನ್ನು ಅದರ ಕೆಳಗೆ ಒತ್ತಿಸಿದೆ.

ಇನ್ನೂ ಒಂದಿದೆ. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದು, ಅವರನ್ನು ದೇವರ ಶಾಪಕ್ಕೆ ಒಳಗಾದವರೆಂದು ತೋರಿಸಕೂಡದು ಎಂದು ನಮ್ಮ ಧರ್ಮಸಭೆ 1965ರಲ್ಲೇ ರೋಮಿನಲ್ಲಿ ತೀರ್ಮಾನಿಸಿತ್ತು. ಪಾಡಿನ ಆಟಗಳಲ್ಲಿ ಇದನ್ನು ಪಾಲಿಸಿ ಎಂದು 1988ರಲ್ಲಿ ಒಂದು ಸುತ್ತೋಲೆಯೂ ಬಂತು. ಆಗಿನ ಗುರುಗಳು ಅದನ್ನು ಓದಿ ನನ್ನ ಕೈಗೆ ಕೊಟ್ಟರು. ನಾನು ಟ್ರಂಕಿಗೆ ಹಾಕಿದೆ. ಖಳನಿಲ್ಲದೆ ಆಟ ಕಳೆಗಟ್ಟುವುದಿಲ್ಲ ಎಂದು. ಹೊಸನಗರದಿಂದ ಜನ ಬಸ್ಸು ಮಾಡಿಕೊಂಡು ಬರುತ್ತಿದ್ದರು ಎಂದು.

ಕ್ಷಮಿಸು ಎನ್ನುವುದಕ್ಕೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ ಮೇಷ್ಟ್ರು,
ಲಾಜರಸ್ ಮಿನೇಜಸ್


ತೀರ್ಥಹಳ್ಳಿ
3 ಮಾರ್ಚ್ 2023

ಮೇಷ್ಟ್ರೇ,

ಚೌರಪ್ಪ ಎಂಬವನು ಈ ವಿಳಾಸದಲ್ಲಿ ಇಲ್ಲ. ಜ್ಞಾನಸ್ನಾನದಲ್ಲಿ ಆ ಹೆಸರು ಪಡೆದವನನ್ನು 1994ರಲ್ಲಿ ನಿಮ್ಮ ಚರ್ಚಿನ ಮೆಟ್ಟಿಲ ಮೇಲೆ ಬಿಟ್ಟು ಬಂದೆ. ನನ್ನ ಅಜ್ಜನ ಹೆಸರು ಕನ್ನಪ್ಪ. ನನ್ನದೂ ಈಗ ಅದೇ. ನನಗೀಗ ನಲವತ್ತಾರು. ಹದಿನಾಲ್ಕರ ಹುಡುಗನಿಗೆ ಬರೆದ ಹಾಗೆ ನೀನು, ನಿನ್ನ ಎಂದು ಬರೆದಿದ್ದೀರಿ. ಕ್ಷಮೆ ಕೇಳುವಾಗಲೂ ಏಕವಚನ ಬಿಡಲಾಗಲಿಲ್ಲ ನಿಮಗೆ.

ನಿಮ್ಮ ಕಾಗದದಲ್ಲಿ ಕಣ್ಣಿನ ವಿಷಯ ಇದೆ. ಆ ಮೊದಲಿನ ಹದಿನೈದು ವರ್ಷದ ವಿಷಯ ಇಲ್ಲ. ಅದನ್ನು ನಾನು ಬರೆಯುತ್ತೇನೆ.

ನಾವು ಹೊಲಗೇರಿಯಿಂದ ಎದ್ದು ನಿಮ್ಮ ಚರ್ಚಿಗೆ ಬಂದವರು. ಇಲ್ಲಿ ಎಲ್ಲರೂ ಒಂದೇ ಎಂದರು, ನಂಬಿದೆವು. ಪಾಡಿನ ಆಟ ಬಂತು. ಯೇಸು ಯಾರು? ಎಸ್ಟೇಟಿನವರ ಮಗ. ಮರಿಯಮ್ಮ ಯಾರು? ನಿಮ್ಮ ತಂಗಿ. ಶಿಷ್ಯರು ಯಾರು? ಬಿಳಿ ಪಂಚೆ ಇದ್ದವರು. ಯೆಹೂದ್ಯರು ಯಾರು? ಕಾಲನಿ. ಹನ್ನೆರಡಕ್ಕೆ ಹನ್ನೆರಡೂ ಕಾಲನಿ. ಒಂದು ವರ್ಷವೂ ತಪ್ಪಲಿಲ್ಲ. ಯೇಸು ಯೆಹೂದಿ, ಅವನ ತಾಯಿ ಯೆಹೂದಿ, ಆ ಶಿಷ್ಯರೆಲ್ಲ ಯೆಹೂದಿಗಳು ಎಂದು ನನಗೆ ಗೊತ್ತಾದದ್ದು ದಲಿತ ಸಂಘಟನೆಗೆ ಬಂದ ಮೇಲೆ. ನೀವು ಎಂಟನೇ ಕ್ಲಾಸಿನವರೆಗೆ ಧರ್ಮೋಪದೇಶ ಹೇಳಿದಿರಿ, ಇದೊಂದು ಹೇಳಲಿಲ್ಲ. ಹೇಳಿದ್ದರೆ ಮಸಿಯನ್ನು ಎಸ್ಟೇಟಿನ ಮಗನಿಗೂ ಬಳಿಯಬೇಕಾಗುತ್ತಿತ್ತು.

ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿ ಆ ಹನ್ನೆರಡು ಜನ ಕೊನೆಗೆ ಬರಬೇಕು. “ವೇಷ ಇದೆಯಲ್ಲ, ಮಸಿ ಅಂಟುತ್ತೆ” ಎನ್ನುತ್ತಿದ್ದಿರಿ. ಮರುವರ್ಷ ವೇಷ ಇಲ್ಲದ ನಮ್ಮ ಹೆಂಗಸರನ್ನೂ ಕೊನೆಗೆ ನಿಲ್ಲಿಸಿದಿರಿ. ಶಾಲೆಯಲ್ಲಿ ನನ್ನನ್ನು ‘ಯೆಹೂದಿ’ ಎಂದೇ ಕರೆಯುತ್ತಿದ್ದರು. ಜಾತಿ ಹೆಸರು ಹಿಡಿದು ಕರೆದರೆ ಕೇಸಾಗುತ್ತದೆ. ಯೆಹೂದಿ ಎಂದರೆ ಯಾವ ಕೇಸು?

ಕಾಣದ ಜನರನ್ನು ದ್ವೇಷ ಮಾಡುವುದಕ್ಕೆ ನಿಮಗೊಂದು ಮುಖ ಬೇಕಿತ್ತು. ನಮ್ಮದು ಸುಲಭಕ್ಕೆ ಸಿಕ್ಕಿತು. ನಮ್ಮನ್ನು ತುಳಿಯುವುದಕ್ಕೆ ಒಂದು ಪುಣ್ಯದ ಕಾರಣ ಬೇಕಿತ್ತು. ಅದಕ್ಕೆ ಅವರ ಹೆಸರು ಸಿಕ್ಕಿತು. ಒಂದೇ ಹೆಂಟೆಯಲ್ಲಿ ಇಬ್ಬರಿಗೆ ಹೊಡೆದಿರಿ.

ಇಸ್ರೇಲಿನ ಸರ್ಕಾರ ಇನ್ನೊಬ್ಬರ ಮನೆ ಕೆಡವುವುದರ ವಿರುದ್ಧ ನಾನು ಬೀದಿಯಲ್ಲಿ ನಿಂತು ಮಾತಾಡಿದವನು, ನಾಳೆಯೂ ಮಾತಾಡುತ್ತೇನೆ. ಆ ನೆಪ ಹಿಡಿದು, ಅವರೂ ಹಾಗೇ ಬಿಡು ಎಂದು ನೀವು ಜಾರಿಕೊಳ್ಳಬೇಡಿ. ಸರ್ಕಾರ ಬೇರೆ, ಜನ ಬೇರೆ. ನೀವು ಕಲ್ಲು ಎಸೆಸಿದ್ದು ಜನದ ಮೇಲೆ.

ಅಪ್ಪ ಕಲ್ಲು ಕಡಿಯುವವನು. ಒಂದೇ ಕಣ್ಣಲ್ಲಿ ಕಲ್ಲಿನ ಅಂಚು ಸಿಗುವುದಿಲ್ಲ. ಏಟು ಎರಡು ಬೆರಳು ಆಚೆ ಬೀಳುತ್ತಿತ್ತು. ಒಂದು ಸಲ ಕಾಲಿಗೇ ಹೊಡೆದುಕೊಂಡ. ಆಮೇಲೆ ಕೋರೆಗೆ ಸೇರಿಸಲಿಲ್ಲ. ಹದಿನೆಂಟು ವರ್ಷ ಮೇಕೆ ಕಾಯ್ದು 2009ರಲ್ಲಿ ಸತ್ತ.

ಕ್ಷಮೆಯನ್ನು ಲಕೋಟೆಯಲ್ಲಿ ಹಾಕಿ ಕಳಿಸಿದ್ದೀರಿ. ಮಸಿ ಬಳಿದದ್ದು ಸಾವಿರ ಜನರ ಎದುರು. ಆಟವನ್ನು ಮತ್ತೆ ಶುರು ಮಾಡುತ್ತಾರೆಂದು ನನಗೂ ಗೊತ್ತು. ಕಾಲನಿಗೆ ಹೋಗಿ ಹನ್ನೆರಡು ಹುಡುಗರನ್ನು ಆಗಲೇ ಆರಿಸಿ ಆಯ್ತು. ನಿಮಗೆ ನಿಜವಾಗಿ ಉರಿಯುತ್ತಿದ್ದರೆ ಆ ಕಟ್ಟೆ ಹತ್ತಿ, ಮೈಕಿನಲ್ಲಿ, ನನಗೆ ಬರೆದದ್ದನ್ನು ಓದಿ. ಆಗಲಿಲ್ಲವಾದರೆ ಇನ್ನೊಂದು ಕಾಗದ ಬರೆಯಬೇಡಿ.

ಜೈ ಭೀಮ್.
ಕನ್ನಪ್ಪ, ಬೆಳ್ಳಪ್ಪನ ಮಗ


ಸಾಗರ
14 ಮಾರ್ಚ್ 2023

ಮಾನ್ಯ ಕನ್ನಪ್ಪ ಅವರಿಗೆ,

ನಿಮ್ಮ ಕಾಗದವನ್ನು ಮೂರು ದಿನ ಓದಿದೆ.

ಸಮಿತಿಯವರು ಪುಸ್ತಕಕ್ಕೆ ಮತ್ತೆ ಬಂದಿದ್ದರು. ಕೊಡಲಿಲ್ಲ. ಆಟದ ದಿನ ಕಟ್ಟೆಯ ಮೇಲೆ ನಾನೇ ತರುತ್ತೇನೆ ಎಂದೆ. ಬರೆದವರಿಗೆ ಸನ್ಮಾನ ಮಾಡಬೇಕೆಂದು ಅವರಿಗೂ ಇತ್ತಂತೆ, ಖುಷಿಯಾದರು. ಡೈಲಾಗಿನ ಹಳೇ ಪ್ರತಿಯೊಂದು ಯಾರ ಬಳಿಯೋ ಇದೆ, ಅದರಲ್ಲೇ ಅಭ್ಯಾಸ ನಡೆಸುತ್ತಿದ್ದಾರೆ. ಹೊಸ ಗುರುಗಳು ಚಿಕ್ಕವರು, ಬಂದು ಎಂಟು ತಿಂಗಳು. ಅವರಿಗೆ ಆಟದಲ್ಲಿ ಏನಿದೆಯೆಂದು ಗೊತ್ತಿಲ್ಲ. ನಾನು ಹೇಳಬಹುದಿತ್ತು. ಹೇಳಿದರೆ ಒಳಗೊಳಗೇ ನಿಲ್ಲಿಸಿಬಿಡುತ್ತಾರೆ, ಯಾಕೆ ನಿಂತಿತೆಂದು ಯಾರಿಗೂ ತಿಳಿಯುವುದಿಲ್ಲ. ನೀವು ಕೇಳಿದ್ದು ಅದನ್ನಲ್ಲ.

ಏಪ್ರಿಲ್ 7, ಮಧ್ಯಾಹ್ನ ಮೂರೂವರೆ. ಬನ್ನಿ ಎಂದು ಕರೆಯುವ ಹಕ್ಕು ನನಗಿಲ್ಲ. ಹೊತ್ತನ್ನು ಮಾತ್ರ ತಿಳಿಸಿದ್ದೇನೆ.

ಇತಿ,
ಲಾಜರಸ್ ಮಿನೇಜಸ್


ಹೈಫಾ
6 ಏಪ್ರಿಲ್ 2023

ಪ್ರೀತಿಯ ಪಪ್ಪಾ,

ಎರಡು ತಿಂಗಳಾಯಿತು. ನನ್ನ ಪ್ರಶ್ನೆಗೆ ನೀವು ಕೊಟ್ಟ ಉತ್ತರ ಮತ್ತೆ ಮತ್ತೆ ಓದಿದೆ. ಮಣ್ಣಿನ ಹೆಂಟೆ ಎಂದು ಬರೆದಿದ್ದೀರಿ. ನೀವು ಸುಳ್ಳು ಹೇಳುವಾಗ ವಾಕ್ಯ ಚಿಕ್ಕದಾಗುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ.

ನಿನ್ನೆ ಸಂಜೆ ಇಲ್ಲಿ ಅವರ ಪಾಸ್ಕ ಹಬ್ಬದ ಊಟ. ಅಜ್ಜಿಯ ಮಗಳು, ಮೊಮ್ಮಕ್ಕಳು ಎಲ್ಲ ಬಂದಿದ್ದರು. ಪ್ರತಿವರ್ಷ ನಾನು ಬಡಿಸಿ ಒಳಗೆ ಹೋಗುತ್ತಿದ್ದೆ. ಈ ಸಲ ಅಜ್ಜಿ ಪಕ್ಕದಲ್ಲೇ ಕೂರಿಸಿಕೊಂಡರು. ಹುಳಿ ಹಾಕದ ರೊಟ್ಟಿ, ದ್ರಾಕ್ಷಾರಸ, ಕಹಿ ಸೊಪ್ಪು. ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಸಣ್ಣ ಮಗು ಕೇಳುತ್ತದೆ, ದೊಡ್ಡವರು ಹೇಳುತ್ತಾರೆ. ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟರು. ಯೇಸು ಸಾಯುವ ಮೊದಲು ಕೂತ ಮೇಜು ಇಂಥದ್ದೇ ಅಲ್ಲವಾ ಪಪ್ಪಾ? ಪ್ರತಿ ಭಾನುವಾರ ಪೂಜೆಯಲ್ಲಿ ನಾವು ಮುರಿಯುವ ರೊಟ್ಟಿ ಈ ಮನೆಯಿಂದ ಬಂದದ್ದು. ಹಿಟ್ಟು ಅವರ ಮನೆಯದು. ಆ ಮನೆಯವರ ಮೇಲೇ ನಾವು ಕೂಗಾಡಿದೆವು.

ಊಟದ ನಡುವೆ ಎದ್ದು ಹೊರಬಾಗಿಲು ತೆರೆಯುವ ಪದ್ಧತಿ ಇದೆ. ಪ್ರವಾದಿ ಎಲೀಯ ಬರುತ್ತಾನೆಂದು ಕಾಯುವುದಂತೆ. ಬಾಗಿಲು ತೆರೆಯುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. “ಚಿಕ್ಕವಳಿದ್ದಾಗ ಇದೊಂದೇ ಕ್ಷಣಕ್ಕೆ ನನಗೆ ಹೆದರಿಕೆ. ಬಾಗಿಲಾಚೆ ಪ್ರವಾದಿ ಇರ್ತಾನೋ, ಹಾಲಿನವಳು ಇರ್ತಾಳೋ” ಎಂದು ನಕ್ಕರು. ಎಲ್ಲರೂ ನಕ್ಕರು. ನನಗೆ ಆಗಲಿಲ್ಲ.

ನಾಳೆ ಶುಭ ಶುಕ್ರವಾರ. ಆಟ ನಡೆಯುತ್ತದಾ? ಪುಸ್ತಕ ಕೊಟ್ಟಿರಾ?

ನಿಮ್ಮ,
ಸೆವ್ರಿನ್


ತೀರ್ಥಹಳ್ಳಿ
9 ಏಪ್ರಿಲ್ 2023

ಮೇಷ್ಟ್ರೇ,

ಬಂದಿದ್ದೆ. ನಿಮಗೆ ಕಂಡಿರಲಿಕ್ಕಿಲ್ಲ. ಗೇಟಿನ ಹೊರಗೆ ಬೈಕ್ ನಿಲ್ಲಿಸಿ ಅದರ ಮೇಲೇ ಕೂತಿದ್ದೆ. ಅಪ್ಪನನ್ನು ಅಟ್ಟುತ್ತಿದ್ದದ್ದು ಆ ಗೇಟಿನವರೆಗೇ.

ನೀವು ಶಾಲು ಹೊದಿಸಿಕೊಳ್ಳದೆ ಮೈಕು ಹಿಡಿದಿರಿ. ದನಿ ಶಾಲೆಯಲ್ಲಿ ಪಾಠ ಓದುತ್ತಿದ್ದ ಹಾಗೇ ಇತ್ತು. ರೋಮಿನ ತೀರ್ಮಾನ ಓದಿದಿರಿ, ಟ್ರಂಕಿನಲ್ಲಿ ಇಟ್ಟಿದ್ದ ಸುತ್ತೋಲೆ ಓದಿದಿರಿ. ‘ಯೇಸುವಿನ ರಕ್ತದ ಹೊಣೆ ನಮಗೂ ನಮ್ಮ ಮಕ್ಕಳಿಗೂ’ ಎಂದು ಯೆಹೂದ್ಯರ ಬಾಯಲ್ಲಿ ನಾನು ಮೂರು ಸಲ ಕೂಗಿಸಿದ್ದೆ, ಬೈಬಲಿನ ಶುಭಸಂದೇಶದಲ್ಲಿ ಇರುವುದು ಒಂದೇ ಸಲ, ಉಳಿದೆರಡು ಚಪ್ಪಾಳೆಗಾಗಿ ನಾನು ಸೇರಿಸಿದ್ದು ಎಂದಿರಿ. ಅಪ್ಪನ ಹೆಸರು ಹೇಳಿದಿರಿ. ಬೆಳ್ಳಪ್ಪ ಬೀಳಲಿಲ್ಲ ಎಂದಿರಿ. ಆ ಮೈಕಿನಲ್ಲಿ ಅಪ್ಪನ ಹೆಸರನ್ನು ಕಾಯಫ ಅಂತಲ್ಲದೆ ಬೆಳ್ಳಪ್ಪ ಅಂತ ಕೇಳಿದ್ದು ನಾನು ಅದೇ ಮೊದಲು.

ಸಮಿತಿಯ ಅಧ್ಯಕ್ಷ ಮೇಷ್ಟ್ರಿಗೆ ವಯಸ್ಸಾಯ್ತು ಎಂದು ಮೈಕು ಕಿತ್ತುಕೊಂಡ. ಅರ್ಧ ಜನ ಎದ್ದು ಹೋದರು, ನಿಮ್ಮನ್ನು ಬೈದುಕೊಂಡೇ ಹೋದರು. ನಿಮ್ಮ ಚಿಕ್ಕ ಗುರುಗಳು ಬೆವರುತ್ತಾ ಬಂದು ಆಟ ಇಲ್ಲ, ಬರೀ ಶಿಲುಬೆ ಹಾದಿಯ ಪ್ರಾರ್ಥನೆ ಎಂದರು. ಇದೆಲ್ಲ ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಆಮೇಲಿನದು. ಮಸಿ ಬಳಿದುಕೊಂಡು ಕಾಯುತ್ತಿದ್ದ ಹನ್ನೆರಡು ಹುಡುಗರು ಗೇಟಿನ ಪಕ್ಕದ ನಲ್ಲಿಗೆ ಬಂದರು. ತೊಳೆದಷ್ಟೂ ಹೋಗಲಿಲ್ಲ. ಒಬ್ಬ ನನ್ನ ಹತ್ತಿರ ಬಂದು, “ಅಣಾ, ಬ್ಯಾಗಲ್ಲಿ ಸೋಪು ಗೀಪು ಇದ್ಯಾ?” ಎಂದು ಕೇಳಿದ. ಇರಲಿಲ್ಲ. ಅಂಗಡಿಗೆ ಹೋಗಿ ತಂದುಕೊಟ್ಟೆ. ಎರಡು ಸೋಪು ಖಾಲಿಯಾಯಿತು.

ಈಗ ಮುಖ್ಯ ಮಾತು.

ನೀವು ಎಲ್ಲವನ್ನೂ ಓದಿದಿರಿ, ಒಂದನ್ನು ಬಿಟ್ಟಿರಿ. ನನಗೆ ಬರೆದಾಗಲೂ ‘ಯಾವುದೋ ಮಗು’ ಎಂದಿರಿ, ಮೈಕಿನಲ್ಲೂ ‘ಯಾವುದೋ ಮಗು’. ನಾನು ಅಪ್ಪನ ಹಿಂದೆ ಮೂರೇ ಮಾರು ದೂರದಲ್ಲಿದ್ದೆ ಮೇಷ್ಟ್ರೇ. ನೀಲಿ ಫ್ರಾಕು, ಎರಡು ಜಡೆ. ಗಿಲಕಿ ತಿರುಗಿಸುತ್ತಿದ್ದವಳು. ನಿಮ್ಮ ಮಗಳು.

ಮೂವತ್ತೆರಡು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೆದರಿ ಅಲ್ಲ. ಆಸ್ಪತ್ರೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ದಾಗ ಪೊಲೀಸರ ಹತ್ತಿರ ಹೋಗ್ತೀನಿ, ಆ ಹುಡುಗಿ ಹೆಸರು ಹೇಳ್ತೀನಿ ಎಂದು ಕುಣಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದ. “ಮಗಿನ ತಲೆ ಮೇಲೆ ಹಾಕ್‌ಬ್ಯಾಡ ಕಣೋ. ಅದಕ್ಕೇನು ಗೊತ್ತು” ಅಂದ.

ನೀವು ಕಾಯಫನ ವೇಷ ಹಾಕಿಸಿ ಮಕ್ಕಳ ತಲೆ ಮೇಲೆ ರಕ್ತ ಬರಲಿ ಎಂದು ಕೂಗಿಸಿದ ಮನುಷ್ಯ ಇವನು. ಸುಳ್ಳು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೂ ಗೊತ್ತಿಲ್ಲದೆ ಅಲ್ಲ. ನೀವು ನಿಮ್ಮ ಮಗಳಿಗಾಗಿ ಸುಳ್ಳು ಬರೆದಿರಿ. ನನ್ನ ಅಪ್ಪ ನಿಮ್ಮ ಮಗಳಿಗಾಗಿ ಒತ್ತಿದ.

ಅವಳ ಹೆಸರನ್ನು ಊರಿಗೆ ಹೇಳಿ ಎಂದು ನಾನು ಕೇಳುತ್ತಿಲ್ಲ. ಅಪ್ಪನ ಮಾತಿದೆ. ಆದರೆ ಅವಳಿಗೆ ಹೇಳಿ. ಮಗುವೊಂದನ್ನು ಸುಳ್ಳಿನೊಳಗೆ ಬೆಳೆಸಿದ್ದೀರಿ.

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಕ್ಷಮಿಸಿಲ್ಲ. ಕೇಳಿಸಿಕೊಂಡೆ, ಅಷ್ಟೇ.

ಕನ್ನಪ್ಪ


ಸಾಗರ
16 ಏಪ್ರಿಲ್ 2023

ಸೆವ್ರಿನ್,

ಇದನ್ನೂ ತೀರ್ಥೇಶನ ಅಂಗಡಿಯಲ್ಲೇ ಕೊಡುತ್ತೇನೆ. ಅವನು ಓದಿದರೆ ಓದಲಿ.

ಕಲ್ಲು. ಹೆಂಟೆಯಲ್ಲ, ಕೆಂಪು ಕಲ್ಲಿನ ಚಕ್ಕೆ. ಬೆಳ್ಳಪ್ಪನ ಕಣ್ಣಿಗೆ ಹೊಡೆದದ್ದು ಅದು. ಎಸೆದ ಕೈ ನಿನ್ನದು.

ವಾಕ್ಯ ಚಿಕ್ಕದಾಯಿತು, ಆದರೆ ಇದು ಸುಳ್ಳಲ್ಲ. ಉಳಿದದ್ದನ್ನು ಉದ್ದವಾಗಿ ಬರೆಯುತ್ತೇನೆ. ಅಂದು ಬುಟ್ಟಿ ಹಿಡಿದು ಮಕ್ಕಳಿಗೆ ಹಂಚುತ್ತಾ ಬಂದೆ. ನೀನು ಗಿಲಕಿ ಕೆಳಗಿಟ್ಟು ಕೈ ಒಡ್ಡಿದೆ. ನಿನ್ನ ಪಾಲಿಗೆ ದೊಡ್ಡದನ್ನು ಆರಿಸಿದೆ, ಮೇಷ್ಟ್ರ ಮಗಳಲ್ಲವೇ. ಬೆರಳು ಮಡಚಿಸಿ, “ಆ ಕಾಯಫನಿಗೆ ಗುರಿಯಿಡು ಪುಟ್ಟಾ, ಅವನೇ ಯೇಸುಸ್ವಾಮಿಯನ್ನು ಕೊಂದದ್ದು” ಎಂದೆ. ನೀನು ನಂಬಿದೆ. ನಿನಗೆ ಅಲ್ಲಿ ಬೆಳ್ಳಪ್ಪ ಕಾಣಲಿಲ್ಲ, ಯೆಹೂದಿ ಕಂಡ. ನಿನ್ನ ಗುರಿ ಯಾವಾಗಲೂ ಚೆನ್ನಾಗಿತ್ತು.

ಆಟದಲ್ಲಿ ಯೇಸುವನ್ನು ಶಿಲುಬೆಗೆ ಒಪ್ಪಿಸುವ ರೋಮನ್ ಅಧಿಪತಿ ಪಿಲಾತನ ಪಾತ್ರ ನನ್ನದೇ. ಈ ರಕ್ತಕ್ಕೆ ನಾನು ಹೊಣೆಯಲ್ಲ ಎಂದು ಪ್ರತಿವರ್ಷ ಹಿತ್ತಾಳೆ ತಂಬಿಗೆಯ ನೀರಿನಲ್ಲಿ ಕೈ ತೊಳೆಯುತ್ತಿದ್ದೆ. ಆ ಸಂಜೆ ಅದೇ ತಂಬಿಗೆಯಲ್ಲಿ ಉಳಿದ ನೀರಿನಲ್ಲಿ ನಿನ್ನ ಕೈ ತೊಳೆಸಿದೆ. ಹೆಂಟೆ, ಬರೀ ಹೆಂಟೆ ಎಂದು ಹೇಳಿಕೊಟ್ಟೆ. ಆಮೇಲೆ ಆಟ ನಿಲ್ಲಿಸಿದೆ. ಊರು ಅದನ್ನು ದುಃಖ ಎಂದುಕೊಂಡಿತು. ಹೆದರಿಕೆ ಅದು.

ಪಾಪನಿವೇದನೆಗೆ ಗುರುಗಳ ಮುಂದೆ ಎಷ್ಟೋ ಸಲ ಮಂಡಿಯೂರಿದ್ದೇನೆ. ಸಣ್ಣಪುಟ್ಟದ್ದೆಲ್ಲ ಹೇಳಿದೆ. ಇದನ್ನು ಹೇಳಲಿಲ್ಲ. ಯೆಹೂದ್ಯರ ಮೇಲೆ ಕಲ್ಲು ಎಸೆಸಿದ್ದು ಪಾಪ ಎಂದು ಒಳಗೆಲ್ಲೋ ನನಗೆ ಅನ್ನಿಸಿರಲೇ ಇಲ್ಲ ಎಂದು ಕಾಣುತ್ತದೆ. ಅದು ಹೆಚ್ಚು ಹೆದರಿಸುತ್ತಿದೆ.

ಬೆಳ್ಳಪ್ಪನಿಗೆ ಗೊತ್ತಿತ್ತು. ಅವನ ಮಗ ಕನ್ನಪ್ಪನಿಗೂ ಗೊತ್ತಿತ್ತು. ಅವರ ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ. ಬೆಳ್ಳಪ್ಪ ಆಸ್ಪತ್ರೆಯಲ್ಲಿ ಏನು ಹೇಳಿದನೆಂದು ಕೊನೆಯದರಲ್ಲಿದೆ. ಓದು. ನನ್ನ ಧರ್ಮೋಪದೇಶ ಮರೆತುಬಿಡು, ಅದನ್ನು ಇಟ್ಟುಕೋ.

ಪಪ್ಪಾ


ಹೈಫಾ
8 ಮೇ 2023

ಕನ್ನಪ್ಪ ಅವರಿಗೆ,

ಅಣ್ಣ ಎಂದು ಕರೆಯಲು ಕೈ ಬರಲಿಲ್ಲ. ನೀವು ನಮ್ಮ ಪಪ್ಪಾನಿಗೆ ಬರೆದ ಕಾಗದಗಳನ್ನು ಓದಿದೆ. ಯಾರ ಒಪ್ಪಿಗೆಯನ್ನೂ ಕೇಳದೆ ಈ ಕಾಗದ ಬರೆಯುತ್ತಿದ್ದೇನೆ. ಇದನ್ನು ಫೋಟೋ ತೆಗೆದು ಕಳಿಸುವುದಿಲ್ಲ, ಅಂಚೆಗೆ ಹಾಕುತ್ತೇನೆ. ನನ್ನ ಕೈಬರಹವೇ ನಿಮಗೆ ಸೇರಬೇಕು.

ನಾನು ಇಲ್ಲಿ ರಿವ್ಕಾ ಎಂಬ ಯೆಹೂದಿ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ಅವರು ಚಿಕ್ಕವರಿದ್ದಾಗ ಶುಭ ಶುಕ್ರವಾರದ ಕಲ್ಲಿಗೆ ಹೆದರಿ ಅಟ್ಟದಲ್ಲಿ ಅಡಗಿದವರು. ನಿಮ್ಮೂರಲ್ಲೂ ಹೀಗೆ ಇತ್ತಾ ಎಂದು ಕೇಳಿದ್ದರು, ಇಲ್ಲ ಎಂದಿದ್ದೆ. ಪಪ್ಪಾನ ಕಾಗದ ಬಂದ ಮೇಲೆ ಅವರೆದುರು ಕೂತು ಎಲ್ಲ ಹೇಳಿದೆ. ಮಸಿ, ಬುಟ್ಟಿ, ಗಿಲಕಿ, ಕಣ್ಣು.

ಕ್ಷಮಿಸಿ ಎಂದೆ. ಆಗ ಸಿಟ್ಟು ಬಂತು ಅವರಿಗೆ. “ನನ್ನನ್ನೇಕೆ ಕೇಳ್ತೀಯಾ? ನನ್ನ ಕಣ್ಣು ನನ್ನ ಹತ್ತಿರ ಇದೆ. ಅವನ ಪರವಾಗಿ ಕ್ಷಮಿಸೋಕೆ ನಾನ್ಯಾರು? ಅವನ ಮನೆಯವರನ್ನು ಕೇಳು” ಎಂದರು.

ಅಂದು ಸಂಜೆ ಡ್ರಾಪ್ಸ್ ಹಾಕಲು ಹೋದೆ. ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹಾಕಿಕೊಂಡರು. ಅರ್ಧ ಕೆನ್ನೆಗೆ ಬಿತ್ತು. ಐದು ದಿನ ಹಾಗೇ ನಡೆಯಿತು. ನಾನು ಪಕ್ಕದಲ್ಲಿ ಟಿಶ್ಯೂ ಹಿಡಿದು ನಿಲ್ಲುವುದು, ಅವರು ತಮ್ಮ ಕಣ್ಣನ್ನು ತಾವೇ ಹುಡುಕಿಕೊಳ್ಳುವುದು. ಆರನೇ ದಿನ ಬೆಳಿಗ್ಗೆ ಬಾಟಲಿಯನ್ನು ನನ್ನ ಕೈಗಿಟ್ಟು ತಲೆ ಹಿಂದಕ್ಕೆ ಹಾಕಿ ಕಣ್ಣು ತೆರೆದರು. ಹನಿ ಸರಿಯಾಗಿ ಬಿತ್ತು. ಅದಕ್ಕೆ ನಾನು ಯಾವ ಹೆಸರನ್ನೂ ಇಡುವುದಿಲ್ಲ.

ನಿಮ್ಮ ಅಪ್ಪ ಈ ಹೊರೆಯನ್ನು ಮಗುವಿನ ತಲೆ ಮೇಲೆ ಹಾಕಬೇಡ ಎಂದರು. ಆ ಮಾತಿನ ನೆರಳಲ್ಲಿ ನಾನು ಗೊತ್ತಿಲ್ಲದೇ ಮೂವತ್ತೆರಡು ವರ್ಷ ಇದ್ದೆ. ನನಗೀಗ ನಲವತ್ತೊಂದು. ಮಗು ಅಲ್ಲ. ಯಾರೂ ಹಾಕದಿದ್ದರೂ ನಾನೇ ಎತ್ತಿಕೊಳ್ಳುತ್ತಿದ್ದೇನೆ. ನೀವು ಉತ್ತರ ಬರೆಯಬೇಕೆಂದಿಲ್ಲ. ಡಿಸೆಂಬರಿನಲ್ಲಿ ರಜೆಗೆ ಬರುತ್ತೇನೆ. ನಿಮ್ಮ ಅಪ್ಪನನ್ನು ಮಣ್ಣು ಮಾಡಿದ ಜಾಗ ಎಲ್ಲಿದೆಯೆಂದು ಕಾಲನಿಯವರನ್ನು ಕೇಳುತ್ತೇನೆ. ಯಾರಮ್ಮಾ ನೀನು ಎಂದು ಅವರು ಕೇಳಿದರೆ, ಕೆಳಗೆ ಬರೆದದ್ದನ್ನೇ ಹೇಳುತ್ತೇನೆ.

ಬೆಳ್ಳಪ್ಪನವರ ಎಡಗಣ್ಣಿಗೆ ಕಲ್ಲು ಎಸೆದವಳು,
ಸೆವ್ರಿನ್ ಮಿನೇಜಸ್